ಕಡಲು ಬರದ ಸಭೆ

ತುಂಬ ತುಂಬ ಹಿಂದೆ, ನಿಮ್ಮಜ್ಜನ ಅಜ್ಜನಿಗೂ ಮೀಸೆ ಬಾರದ ಕಾಲದಲ್ಲಿ, ದಕ್ಷಿಣದ ಬೆಚ್ಚನೆಯ ಕಡಲಿನ ನಡುವೆ ಮುಕ್ಕುದುರು ಎಂಬ ಪುಟ್ಟ ರಾಜ್ಯವಿತ್ತು. ಎಷ್ಟು ಪುಟ್ಟದೆಂದರೆ ಈ ತುದಿಯಲ್ಲಿ ಮೀನು ಹುರಿದರೆ ಆ ತುದಿಯ ಬೆಕ್ಕು ಎದ್ದು ಕೂರುತ್ತಿತ್ತು.

ರಾಜ್ಯದಲ್ಲಿದ್ದದ್ದು ಮೂರೇ ದ್ವೀಪ. ಎತ್ತರಗುದುರಿನಲ್ಲಿ ಒಂದು ಬೆಟ್ಟ, ಬೆಟ್ಟದ ತುಂಬ ಮರ. ಅಲ್ಲಿನವರು ದೋಣಿ ಕಡೆಯುವವರು. ಉದ್ದಗುದುರಿನಲ್ಲಿ ತೆಂಗು, ತೆಂಗು ಬಿಟ್ಟರೆ ಮತ್ತೆ ತೆಂಗು. ಅಲ್ಲಿನವರು ಹಗ್ಗ ಹೊಸೆಯುವವರು, ಬಲೆ ನೇಯುವವರು. ಉಪ್ಪುಗುದುರು ದೋಸೆಯ ಹಾಗೆ ಚಪ್ಪಟೆ. ಅಲ್ಲಿನವರು ಉಪ್ಪು ಬೆಳೆಯುವವರು. ಮಾತು ಕಡಿಮೆ, ಊಟಕ್ಕೆ ಕರೆದರೆ ಮಾತ್ರ ಎಲ್ಲರಿಗಿಂತ ಮೊದಲು ಹಾಜರು. ಮೂರರ ನಡುವೆ ಶಾಂತವಾದ ನೀಲಿ ಕಡಲು, ಸುತ್ತ ಹವಳದ ಬೇಲಿ.

ರಾಜನ ಹೆಸರು ಕೇದಗೆರಾಯ. ಅವನ ಕಿರೀಟ ಚಿನ್ನದ್ದಲ್ಲ, ಕೇದಗೆಯ ಓಲೆಯದು. ವರ್ಷಕ್ಕೊಮ್ಮೆ ಒಣಗಿ ಉದುರುತ್ತಿತ್ತು. ರಾಜ ತಾನೇ ಕೂತು ಹೊಸದು ಹೆಣೆಯಬೇಕು, ಪ್ರಜೆಗಳು ಅದನ್ನು ತಲೆಗಿಡಬೇಕು. ಕೇದಗೆರಾಯ ಹೆಣೆದದ್ದು ಯಾವಾಗಲೂ ಸೊಟ್ಟ. ಆದರೆ ರಾಜನ ಕೆಲಸ ಬೇರೆ ಯಾರಿಗೂ ಬೇಡವಾಗಿತ್ತು, ಹಾಗಾಗಿ ನಡೆಯುತ್ತಿತ್ತು.

ಆ ರಾಜ್ಯದ ಸಭೆ ನಡೆಯುತ್ತಿದ್ದದ್ದು ಅರಮನೆಯಲ್ಲಲ್ಲ, ಕಡಲ ನಡುವೆ. ನೀರು ಇಳಿದಾಗ ಮೂರು ದ್ವೀಪಗಳ ನಟ್ಟನಡುವೆ ಒಂದು ಮರಳ ದಿಬ್ಬ ತಲೆ ಎತ್ತುತ್ತಿತ್ತು. ಅದು ಯಾವ ದ್ವೀಪಕ್ಕೂ ಸೇರಿದ್ದಲ್ಲ, ಕಡಲಿನದು. ಹರೆಯಕ್ಕೆ ಬಂದವರೆಲ್ಲ ದೋಣಿಯಲ್ಲಿ ಬಂದು ಅಲ್ಲಿ ಕೂರಬೇಕು. ಒಮ್ಮೆ ಕೂತರೆ, ಕಡಲು ತಾನಾಗಿ ಬಂದು ರಾಜನ ಕಾಲು ತೋಯಿಸುವ ತನಕ ಯಾರೂ ಏಳಬಾರದು. ಎದ್ದವರನ್ನು ಮೂರು ದ್ವೀಪದ ಮಣ್ಣೂ ಹೊರುವುದಿಲ್ಲ. ಎಲ್ಲಿ ಹೆಜ್ಜೆ ಇಟ್ಟರೂ ಕಾಲು ಹೂತುಹೋಗುತ್ತದೆ. ಹಾಗಾಗಿ ನೀರು ಬರುವುದರೊಳಗೆ ಜಗಳ, ಮದುವೆ, ಬೇಲಿ, ಬಲೆ ಎಲ್ಲ ಬೇಗಬೇಗ ತೀರ್ಮಾನವಾಗುತ್ತಿತ್ತು.

ಒಂದು ದಿನ ಹೀಗೇ ಸಭೆ ಕೂತಿತ್ತು. ತನಿಯ ಎಂಬ ಹುಡುಗ ಆ ವರ್ಷವೇ ಹರೆಯಕ್ಕೆ ಬಂದವನು, ಅದು ಅವನ ಮೊದಲ ಸಭೆ. ಇನ್ನೂ ಕೂತಿರಲಿಲ್ಲ. ಅಷ್ಟರಲ್ಲಿ ರಾಜನ ಸೊಟ್ಟ ಕಿರೀಟ ನೋಡಿ, "ಮಹಾರಾಜರೇ, ಒಳಗೆ ಕೋಳಿ ಕಾವಿಗೆ ಕೂತಿದೆಯಾ, ಇಲ್ಲಾ ಮೊಟ್ಟೆ ಇಟ್ಟು ಹೋಯ್ತಾ?" ಎಂದುಬಿಟ್ಟ. ರಾಜನಿಗೇ ನಗು ಬಂತು. ಹಿರಿಯರಿಗೆ ಸಿಟ್ಟು ಬಂತು. "ಹೋಗೋ, ದೋಣಿ ಕಾಯಿ! ಮುಂದಿನ ಸಭೆಗೆ ಬುದ್ಧಿ ತಗೊಂಡು ಬಾ," ಎಂದು ಅಟ್ಟಿದರು.

ತನಿಯ ದೋಣಿ ಕಾಯುತ್ತ ನಿಂತ. ಸಭೆ ಮುಗಿಯಿತು. ನೀರು ಬರಲಿಲ್ಲ. ಹೊತ್ತು ಏರಿತು, ನೀರು ಬರಲಿಲ್ಲ. ಬರುವುದಿರಲಿ, ಇದ್ದ ನೀರೂ ಹಿಂದೆ ಹಿಂದೆ ಸರಿದು ದೋಣಿಗಳು ಕೆಸರಿನಲ್ಲಿ ಕೂತವು.

ಆಗ ಎತ್ತರಗುದುರಿನ ದಡದಲ್ಲಿ ಒಬ್ಬ ಬಂದು ನಿಂತ. ಅವನೇ ಸ್ತಂಭಕೇತು, ಬೆಟ್ಟದ ಗುಹೆಯ ಮಾಂತ್ರಿಕ. ಓಡುವುದನ್ನು ನಿಲ್ಲಿಸುವುದು, ಅದೊಂದೇ ಅವನ ವಿದ್ಯೆ. ಇಷ್ಟು ದಿನ ಮಕ್ಕಳ ಬುಗುರಿ ನಿಲ್ಲಿಸುವುದು, ಹಾಲು ಕರೆಯುವಾಗ ಧಾರೆ ನಿಲ್ಲಿಸುವುದು, ಇಂಥ ಚಿಲ್ಲರೆ ಕೆಲಸ ಮಾಡಿಕೊಂಡಿದ್ದ. ಈಗ ಉಬ್ಬರವನ್ನೇ ನಿಲ್ಲಿಸಿದ್ದ.

"ನನ್ನನ್ನ ರಾಜ ಮಾಡಿ! ಕಡಲು ಬಿಡ್ತೀನಿ!" ಎಂದು ಕೂಗಿದ.

ಕೇದಗೆರಾಯ ಕೂತಲ್ಲಿಂದಲೇ ಕೂಗಿದ: "ಅರ್ಜಿ ಹಾಕೋರು ಸಭೆಗೆ ಬಂದು ಕೂತು ಹಾಕಬೇಕಪ್ಪಾ! ದಡದಲ್ಲಿ ನಿಂತು ಕೂಗಿದ್ರೆ ಲೆಕ್ಕಕ್ಕಿಲ್ಲ!"

"ಕೂರಲ್ಲ! ಕೂತ್ರೆ ನಾನೂ ಏಳೋ ಹಾಗಿಲ್ಲ ಅಂತ ಗೊತ್ತು! ಒಣಗಿ ನೀವೇ!" ಎಂದು ಮಾಂತ್ರಿಕ ಅಲ್ಲೇ ಇದ್ದ ರಾಜನ ಮನೆಗೆ ಹೋಗಿ ರಾಜನ ಚಾಪೆಯ ಮೇಲೆ ಮಲಗಿದ.

ತನಿಯ ಒಂದು ಕೊಡ ಸಮುದ್ರದ ನೀರು ಹೊತ್ತು ತಂದು ರಾಜನ ಕಾಲಿಗೆ ಸುರಿದ. "ಆಯ್ತಲ್ಲ, ಏಳಿ!"

ರಾಜ ತಲೆ ಆಡಿಸಿದ. "ಇದು ಕಡಲು ಬಂದದ್ದಲ್ಲ ಮಗಾ, ಕಡಲನ್ನ ನೀನು ಹೊತ್ತು ತಂದದ್ದು."

ಉಳಿದವರಿಗೆ ಬಿಸಿಲೊಂದೇ ಕಷ್ಟ. ತನಿಯನ ಅಕ್ಕ ಸುರಗಿಗೆ ಅದಕ್ಕಿಂತ ದೊಡ್ಡ ಕಷ್ಟ. ಅವಳು ತುಂಬಿದ ಬಸುರಿ. ಅರ್ಧ ಗಂಟೆಯ ಸಭೆ ತಾನೇ ಎಂದು ಬಂದಿದ್ದಳು. ಕಡಲಿಗೆ ಸೇರಿದ ಆ ದಿಬ್ಬದ ಮೇಲೆ ಹುಟ್ಟುವ ಮಗುವೂ ಕಡಲಿನದೇ. ಮೊದಲ ಅಲೆ ಬಂದಾಗ ಅದಕ್ಕೆ ಈಜುರೆಕ್ಕೆ ಮೂಡಿ ಮೀನಾಗಿ ಹೊರಟುಹೋಗುತ್ತದೆ. ಎದ್ದು ಹೋಗೋಣವೆಂದರೆ ಅವಳನ್ನು ಯಾವ ಮಣ್ಣೂ ಹೊರುವುದಿಲ್ಲ.

"ಎಷ್ಟು ದಿನ ಇದೆ ಅಕ್ಕಾ?"

"ಮೂರು. ಜಾಸ್ತಿ ಅಂದ್ರೆ." ಸುರಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ನಗಿಸ್ಬೇಡ ಕಣೋ ಈಗ. ಏನಾದ್ರೂ ಮಾಡು."

ಸಭೆಯಲ್ಲಿ ಕೂರದೆ ಉಳಿದವನು ತನಿಯನೊಬ್ಬನೇ, ಅವನು ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಮೊದಲ ಸಲ ತಮಾಷೆ ಬಿಟ್ಟು ನಡೆದ. ನೀರಿಲ್ಲದ ಕಡಲ ತಳದ ಮೇಲೇ ನಡೆದು, ಉಬ್ಬರವನ್ನು ಎಲ್ಲಿ ಬಚ್ಚಿಟ್ಟಿದ್ದಾನೆಂದು ಹುಡುಕಲು ಹೊರಟ.

ಮೊದಲ ದಿನ ಎತ್ತರಗುದುರಿಗೆ ಹೋದ. ಬೆಟ್ಟದ ದಾರಿಗೆ ಅಡ್ಡವಾಗಿ ಎತ್ತಿನಗಾಡಿಯಷ್ಟು ದೊಡ್ಡ ಏಡಿ ಕೂತಿತ್ತು.

"ಮುಂದೆ ಬಂದ್ರೆ ಕತ್ತರಿಸ್ತೀನಿ!" ಎಂದಿತು ಏಡಿ.

"ಕತ್ತರಿಸು ಮಾರಾಯ. ಯಾವ ಕೊಂಡಿಯಲ್ಲಿ ಕತ್ತರಿಸ್ತೀಯಾ? ನಮ್ಮೂರಲ್ಲೆಲ್ಲ ನಿನ್ನ ಎಡಗಡೆಯದು ಬರೀ ತೋರಿಕೆಗೆ ಅಂತಾರೆ."

"ಯಾರು ಹೇಳಿದ್ದು? ಎಡದ್ದೇ ಗಟ್ಟಿ!"

"ಬಲದ್ದು ಸುಮ್ನೆ ಇರುತ್ತಾ ಹಾಗಂದ್ರೆ?"

ಏಡಿಗೆ ತನಗೇ ಅನುಮಾನ ಬಂತು. ಎಡಗೊಂಡಿಯಿಂದ ಬಲಗೊಂಡಿ ಹಿಡಿಯಿತು, ಬಲಗೊಂಡಿಯಿಂದ ಎಡಗೊಂಡಿ ಹಿಡಿಯಿತು. ಎರಡೂ ಗಟ್ಟಿ, ಎರಡೂ ಬಿಡವು. ಏಡಿ ಗಂಟು ಹಾಕಿದ ಮೂಟೆಯ ಹಾಗೆ ಉರುಳಾಡಿತು.

"ಬಿಡಿಸೋ ಪುಣ್ಯಾತ್ಮಾ!"

"ಬಿಡಿಸ್ತೀನಿ. ಉಬ್ಬರ ಎಲ್ಲಿದೆ ಹೇಳು."

"ನನಗ್ಗೊತ್ತಿಲ್ಲ! ಬೆಳಗಾದ್ರೆ ಅವನು ಮಾವಿನ ಮರದ ಕೆಳಗೆ ಕೂತು ನಲವತ್ತು ಎಳನೀರು ಕುಡೀತಾನೆ, ಆಮೇಲೆ ಮರದ ಹಿಂದೆ ಹೋಗ್ತಾನೆ. ನಾನು ನೋಡಿರೋದು ಅಷ್ಟೇ!"

ತನಿಯ ಏಡಿಯ ಹೊಟ್ಟೆಗೆ ಕಚಗುಳಿ ಇಟ್ಟ. ಕೊಂಡಿ ಬಿಟ್ಟವು. ಏಡಿ ನಾಚಿಕೊಂಡು ಬಿಲಕ್ಕೆ ಹೋಯಿತು.

ಎರಡನೆಯ ದಿನ ಉದ್ದಗುದುರಿಗೆ ಹೋದ. ತೆಂಗಿನ ಸಾಲಿನ ಮುಂದೆ ಒಂದು ಬೆಳ್ಳಕ್ಕಿ, ತೆಂಗಿನಷ್ಟೇ ಎತ್ತರ. ಹೊಸಬರನ್ನು ಕಂಡರೆ ಕಿರುಚಿ ಮಾಂತ್ರಿಕನನ್ನು ಕರೆಯುವುದು ಅದರ ಕೆಲಸ. ಅದು ಕೊಕ್ಕು ತೆರೆಯುವ ಮೊದಲೇ ತನಿಯ ಕೇಳಿದ, "ನೂರು ಎಣಿಸೋ ತನಕ ಒಂಟಿ ಕಾಲಲ್ಲಿ ತುಟಿಪಿಟಕ್ ಅನ್ನದೆ ನಿಲ್ತೀಯಾ?"

"ಹುಟ್ಟಿದಾಗಿನಿಂದ ಅದೇ ಮಾಡ್ತಿರೋದು. ಸೋತ್ರೆ ಏನು ಕೇಳಿದ್ರೂ ಹೇಳ್ತೀನಿ. ಎಣಿಸು," ಎಂದು ಬೆಳ್ಳಕ್ಕಿ ಕಾಲೆತ್ತಿತು.

ತನಿಯ ಶಾಲೆಗೆ ಹೋದದ್ದು ಹನ್ನೊಂದೇ ದಿನ. ಅವನಿಗೆ ಬರುತ್ತಿದ್ದದ್ದು ಇಪ್ಪತ್ತೊಂಬತ್ತರ ತನಕ. ಅಲ್ಲಿಗೆ ಮುಟ್ಟಿದ ಮೇಲೆ ಮತ್ತೆ ಒಂದರಿಂದ ಶುರು. ಬೆಳ್ಳಕ್ಕಿ ಕಾದಿತು, ಕಾದಿತು. ಮಧ್ಯಾಹ್ನವಾಯಿತು. ಹದಿನಾರನೆಯ ಇಪ್ಪತ್ತೊಂಬತ್ತಕ್ಕೆ ಅದರ ಕಾಲು ಜೋಮು ಹಿಡಿದು ದೊಪ್ಪನೆ ಬಿತ್ತು.

"ಸೋತೆ," ಎಂದಿತು ಮಲಗಿಯೇ. "ಉಬ್ಬರ ನನ್ನ ಹತ್ರ ಇಲ್ಲ. ಆದ್ರೆ ಒಂದು ಹೇಳ್ತೀನಿ. ಅವನು ದಿನಾ ಕಿರೀಟ ಹೆಣೆದು ಹಾಕ್ಕೊಂಡು ನೋಡ್ತಾನೆ. ಸಭೆ ತಲೆಗಿಟ್ಟದ್ದಲ್ಲ ನೋಡು, ಮೂಗಿನ ಮೇಲೇ ಉದುರಿ ಬೀಳುತ್ತೆ. ಆಗ ಅಳ್ತಾನೆ."

ಮೂರನೆಯ ದಿನ ಬೆಳಕು ಹರಿಯುವಾಗಲೇ ಉಪ್ಪುಗುದುರಿಗೆ ಹೋದ. ಬಿಳಿ ಉಪ್ಪಿನ ನಡುವೆ ಒಂದು ಮುದಿ ಆಮೆ, ಅದರ ಕೆಳಗೆ ಅಂಗಳದಷ್ಟು ದೊಡ್ಡ, ಬಾಯಿ ಮುಚ್ಚಿದ ಕಪ್ಪೆಚಿಪ್ಪು. ಚಿಪ್ಪಿನೊಳಗೆ ಕಡಲು ಮೊರೆಯುವುದು ಕೇಳಿಸುತ್ತಿತ್ತು. ಉಬ್ಬರ ಅಲ್ಲೇ ಇತ್ತು.

"ಸರಿಯೋದಕ್ಕೆ ಏನು ಬೇಕು ಅಜ್ಜಾ?" ಎಂದ ತನಿಯ.

"ನನ್ನ ಕತೆ ಕೇಳು," ಎಂದಿತು ಆಮೆ. "ಪೂರ್ತಿ ಕೇಳು. ಮಧ್ಯೆ ಬಾಯಿ ಹಾಕಬಾರದು, ನಗಬಾರದು."

ಅದು ತನಿಯನ ಜೀವನದ ಅತಿ ಕಷ್ಟದ ಕೆಲಸ. ಆಮೆ ತಾನು ಮೊಟ್ಟೆಯಲ್ಲಿದ್ದಾಗಿನಿಂದ ಶುರುಮಾಡಿತು. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಒಂದು ನಿದ್ದೆ ಮಾಡುವಷ್ಟು ಹೊತ್ತು. ನೂರು ತಮಾಷೆ ನಾಲಿಗೆಯ ತುದಿಗೆ ಬಂದವು. ತನಿಯ ನೂರನ್ನೂ ನುಂಗಿದ. ಕತೆ ಮುಗಿದಾಗ ಬಿಸಿಲು ಏರಿತ್ತು.

"ಮುನ್ನೂರು ವರ್ಷದಲ್ಲಿ ಪೂರ್ತಿ ಕೇಳಿದವನು ನೀನೊಬ್ಬನೇ," ಎಂದು ಆಮೆ ಸರಿಯಿತು. ತನಿಯ ಚಿಪ್ಪನ್ನು ಎಳೆದ, ಒದ್ದ, ಬೈದ. ಅದು ತೆರೆಯಲಿಲ್ಲ.

"ಅವನ ಮಂತ್ರ ಹಿಡಿದಿದೆ," ಎಂದಿತು ಆಮೆ. "ಆ ಮಂತ್ರಕ್ಕೆ ಒಂದೇ ಕೈ. ಇನ್ನೊಂದನ್ನ ಹಿಡೀಬೇಕಾದ್ರೆ ಇದನ್ನ ಬಿಡಬೇಕು."

ತನಿಯ ಅಲ್ಲೇ ನಿಂತ. ನಲವತ್ತು ಎಳನೀರು. ಉದುರುವ ಕಿರೀಟ. ಒಂದೇ ಕೈಯ ಮಂತ್ರ. ಮುಗಿಯದ ಕತೆ. ಅವನ ಮುಖ ಅರಳಿತು. ಒಂದೇ ಓಟದಲ್ಲಿ ರಾಜನ ಮನೆಗೆ ಬಂದ. ಸ್ತಂಭಕೇತು ಅಂಗಳದ ಮಾವಿನ ಮರದ ಕೆಳಗೆ ನಲವತ್ತನೆಯ ಎಳನೀರು ಕುಡಿದು ಬಾಯಿ ಒರೆಸಿಕೊಳ್ಳುತ್ತಿದ್ದ.

"ಬೇಗ ಬನ್ನಿ ಸ್ವಾಮೀ! ಸಭೆ ಮೆತ್ತಗಾಗಿದೆ. ಈಗ್ಲೇ ಬಂದು ಅರ್ಜಿ ಹಾಕಿದ್ರೆ ನಿಮ್ಮದನ್ನ ಕೇಳ್ತಾರೆ. ಸ್ವಲ್ಪ ತಡ ಆದ್ರೂ ಬಿಸಿಲಿಗೆ ತಲೆ ತಿರುಗಿ ಬಿದ್ಬಿಡ್ತಾರೆ. ಆಮೇಲೆ ಕಿರೀಟ ಇಡೋಕೆ ಯಾರೂ ಇರಲ್ಲ."

"ಕೂತ್ರೆ ಏಳೋ ಹಾಗಿಲ್ವಲ್ಲೋ."

"ನೀವು ರಾಜ ಆದ್ಮೇಲೆ ಕಡಲು ಬಿಡಿ, ಏಳಿ. ಎರಡು ನಿಮಿಷದ ಕೆಲಸ!"

ಎರಡು ನಿಮಿಷ ತಾನೇ ಎಂದು ಮಾಂತ್ರಿಕ ಮರದ ಹಿಂದೆ ಹೋಗುವುದನ್ನೂ ಮರೆತು ದಿಬ್ಬಕ್ಕೆ ಓಡಿದ. ಬಂದವನೇ ಕೂತ. "ಹ್ಞೂಂ, ನನ್ನ ಅರ್ಜಿ!"

ತನಿಯ ರಾಜನ ಹಿಂದೆ ಹೋಗಿ ಕಿವಿಯಲ್ಲಿ ಒಂದೇ ಮಾತು ಹೇಳಿದ: "ನಿಧಾನ."

ಕೇದಗೆರಾಯನಿಗೆ ಕಿರೀಟ ಹೆಣೆಯಲು ಬಾರದಿದ್ದರೂ ರಾಜ್ಯ ಆಳಲು ಬರುತ್ತಿತ್ತು. "ಸರದಿ ಪ್ರಕಾರ," ಎಂದ. "ನಿಮಗಿಂತ ಮುಂಚೆ ಬೊಮ್ಮಕ್ಕಜ್ಜಿಯ ಕೋಳಿ ವಿಚಾರ ಇದೆ."

ಉದ್ದಗುದುರಿನ ಬೊಮ್ಮಕ್ಕಜ್ಜಿ ರಾಜನ ಕಣ್ಣು ನೋಡಿದಳು. ಅವಳಿಗೆ ಕೋಳಿಯೇ ಇರಲಿಲ್ಲ. ಆದರೂ ಗಂಟಲು ಸರಿಮಾಡಿಕೊಂಡಳು. "ಆ ಕೋಳಿಯ ಅಜ್ಜಿ ಇದ್ಳಲ್ಲ, ಕಂದು ಬಣ್ಣದ್ದು, ಅಲ್ಲಿಂದ ಹೇಳಿದ್ರೇ ನಿಮಗೆ ಅರ್ಥ ಆಗೋದು..."

ಮಾಂತ್ರಿಕ ಒಂದು ತೊಡೆಯಿಂದ ಇನ್ನೊಂದಕ್ಕೆ ಭಾರ ಹಾಕಿದ. ಮೂರು ದಿನ ಒಂದೊಂದೇ ಗುಟುಕು ಕುಡಿದು ಕೂತವರಿಗೆ ಆ ತೊಂದರೆ ಇರಲಿಲ್ಲ.

ಅಷ್ಟರಲ್ಲಿ ಸುರಗಿ ತಮ್ಮನ ಕೈ ಹಿಡಿದಳು. ಉಗುರು ನಾಟಿತು. "ಶುರುವಾಯ್ತು ಕಣೋ."

ತನಿಯ ಅವಳ ಕಿವಿಯ ಹತ್ತಿರ ಬಗ್ಗಿದ. "ಅಜ್ಜಿಗೆ ಬೇಗ ಮುಗಿಸು ಅನ್ಲಾ?"

"ಬೇಡ." ಸುರಗಿ ಹಲ್ಲು ಕಚ್ಚಿದಳು. ಮಾಂತ್ರಿಕನ ಕಾಲುಬೆರಳು ಮರಳು ತೋಡುತ್ತಿದ್ದದ್ದನ್ನು ಅವಳು ನೋಡಿದ್ದಳು. ಗಟ್ಟಿಯಾಗಿ, "ಅಜ್ಜೀ, ಆ ಕಂದು ಕೋಳಿ ನೀರು ಕುಡೀತಿತ್ತಾ?" ಎಂದು ಕೇಳಿದಳು.

"ಕುಡೀತಿತ್ತಾ ಅಂತೀಯಾ! ಹೊಳೆ ಹರಿದ ಹಾಗೆ! ಸೊರ್ರ್ ಅಂತ! ಮಳೆಗಾಲದಲ್ಲಿ ಸೂರಿಂದ ಇಳಿಯುತ್ತಲ್ಲ, ಹಾಗೆ..."

"ಸಾಕು!" ಎಂದು ಮಾಂತ್ರಿಕ ಚೀರಿದ. ಎದ್ದರೆ ಕಾಲಿಡಲು ಮಣ್ಣಿಲ್ಲ. ಏಳದಿದ್ದರೆ ಇಡೀ ರಾಜ್ಯದ ಮುಂದೆ ಮಾನವಿಲ್ಲ. ಕೂತಲ್ಲೇ ಒದ್ದೆಯಾದವನ ತಲೆಗೆ ಯಾರು ಕಿರೀಟ ಇಡುತ್ತಾರೆ? ಅವನು ಕಣ್ಣು ಮುಚ್ಚಿ, ತನ್ನ ಒಂದೇ ಒಂದು ಮಂತ್ರವನ್ನು ಉಬ್ಬರದಿಂದ ಬಿಡಿಸಿ, ಹೆಚ್ಚು ಅವಸರವಿದ್ದ ಕಡೆಗೆ ಹಾಕಿಕೊಂಡ.

ಉಪ್ಪುಗುದುರಿನಲ್ಲಿ ಚಿಪ್ಪು ಬಾಯಿ ತೆರೆಯಿತು.

ಮೂರು ದಿನದ ಕಡಲು ಒಟ್ಟಿಗೆ ಬಂತು. ಬಂದು, ರಾಜನ ಕಾಲು ತೋಯಿಸಿತು. ಜನರೆಲ್ಲ ಎದ್ದು, ಅಭ್ಯಾಸದ ಪ್ರಕಾರ ದೋಣಿಗೆ ಹಾರಿದರು. ದೋಣಿ ಹತ್ತಿ ಗೊತ್ತಿಲ್ಲದ ಸ್ತಂಭಕೇತು ದಿಬ್ಬದ ಮೇಲೇ ಉಳಿದ. ಅಲೆಯನ್ನು ನಿಲ್ಲಿಸೋಣವೆಂದರೆ ಮಂತ್ರ ಬೇರೆ ಕಡೆ ಕೆಲಸದಲ್ಲಿತ್ತು. ಅಲೆ ಅವನನ್ನು ಎತ್ತಿಕೊಂಡು ಹವಳದ ಬೇಲಿ ದಾಟಿಸಿ, ದೂರ ದೂರ ಒಯ್ದಿತು. ಮತ್ತೆ ಅವನನ್ನು ಕಂಡವರಿಲ್ಲ.

ತನಿಯ ಅಕ್ಕನನ್ನು ದೋಣಿಯಲ್ಲಿ ಮಲಗಿಸಿ ಹುಟ್ಟು ಹಾಕಿದ. ದಡ ಇನ್ನೂ ದೂರವಿತ್ತು. ಬೊಮ್ಮಕ್ಕಜ್ಜಿ ಕೋಳಿಯನ್ನು ಬಿಟ್ಟು ಸೂಲಗಿತ್ತಿಯಾದಳು. ನಡುನೀರಿನಲ್ಲಿ, ದೋಣಿಯ ಹಲಗೆಯ ಮೇಲೆ, ಒಂದು ಹೆಣ್ಣುಮಗು ಹುಟ್ಟಿ ಮೂರು ದ್ವೀಪಕ್ಕೂ ಕೇಳುವಂತೆ ಅತ್ತಿತು. ಸುರಗಿ ಮೊದಲು ಬೆನ್ನು ತಡವಿ ನೋಡಿದಳು. ಈಜುರೆಕ್ಕೆ ಇರಲಿಲ್ಲ.

"ಹಲಗೆ ನಮ್ಮ ಬೆಟ್ಟದ ಮರದ್ದು, ಮಗು ನಮ್ಮದು," ಎಂದರು ಎತ್ತರಗುದುರಿನವರು. "ಹಲಗೆ ಕಟ್ಟಿದ ಹಗ್ಗ ನಮ್ಮದು," ಎಂದರು ಉದ್ದಗುದುರಿನವರು. ಮಾತು ಕಡಿಮೆಯ ಉಪ್ಪುಗುದುರಿನವರು ಸುಮ್ಮನೆ ತೊಟ್ಟಿಲು ತಂದಿಟ್ಟರು.

ಕೇದಗೆರಾಯ, "ಮುಂದಿನ ಸಭೆಯಲ್ಲಿ ನೋಡೋಣ," ಎಂದ. ಮುಂದಿನ ಸಭೆಯಲ್ಲಿ ಆ ಮಾತು ಮುಗಿಯುವುದರೊಳಗೆ ಕಡಲು ಬಂತು. ಅದರ ಮುಂದಿನದರಲ್ಲೂ ಬಂತು. ತೀರ್ಮಾನ ಇನ್ನೂ ಆಗಿಲ್ಲ. ಮಗು ಬೆಳಗ್ಗೆ ಒಂದು ದ್ವೀಪದಲ್ಲಿ ಉಂಡು, ಮಧ್ಯಾಹ್ನ ಇನ್ನೊಂದರಲ್ಲಿ ಉಂಡು, ಸಂಜೆ ಮತ್ತೊಂದರಲ್ಲಿ ಉಂಡು ಗುಂಡಗುಂಡಗೆ ಬೆಳೆಯಿತು. ರಾಜ್ಯದಲ್ಲಿ ಎಲ್ಲರೂ ಜಗಳವಾಡುತ್ತ, ನಗುತ್ತ, ನೂರು ವರ್ಷ ಸುಖವಾಗಿದ್ದರು.