ಕೇಳದೆ ಇಳಿಸಿದ ಶ್ರುತಿ

"ನೀನು ಇಲ್ಲೇನ್ ಮಾಡ್ತಿದ್ದೀಯಾ?!"

ತಾಲೀಮು ಕೋಣೆಯ ಬಾಗಿಲಲ್ಲೇ ಅವಳು ನಿಂತುಬಿಟ್ಟಳು. ಪಿಯಾನೋ ಮುಂದೆ ಕೂತಿದ್ದವನು ತಿರುಗಿ ನೋಡಿದ. ತಲೆ ಪೂರ್ತಿ ನರೆತಿತ್ತು, ಕನ್ನಡಕ ಬಂದಿತ್ತು. ಸ್ಟೂಲಿನ ತುದಿಯಲ್ಲಿ ಕೂರುವ ಹಳೇ ಚಾಳಿ ಮಾತ್ರ ಹಾಗೇ ಇತ್ತು.

"ನಿನ್ನ ಅಕ್ಕನ ಮಗಳು ಕರೆದಳು... ಬಂದೆ."

ಅಕ್ಕನ ಮಗಳು ಮೈಕಿನ ಹಿಂದೆ ತಲೆ ತಗ್ಗಿಸಿ ನಿಂತಿದ್ದಳು. ಸಂಜೆ ಚಿಕ್ಕಮ್ಮನಿಗೆ ಸನ್ಮಾನ. ಚಿಕ್ಕಮ್ಮನ ಹಾಡುಗಳನ್ನು ಹಾಡುವವಳು ಇವಳೇ. ಪಿಯಾನೋಗೆ ಯಾರು ಅಂತ ಕೇಳಿದಾಗಲೆಲ್ಲ 'ಒಬ್ರು ಇದ್ದಾರೆ' ಎಂದು ಹಾರಿಸಿಬಿಟ್ಟಿದ್ದಳು. ಕಳ್ಳಿ!

ಚಿಕ್ಕಮ್ಮನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಿಟ್ಟು ಮಾಡಿಕೊಳ್ಳೋದಕ್ಕೂ ತ್ರಾಣ ಬೇಕಲ್ಲ! ಹತ್ತಿರದ ಕುರ್ಚಿಯಲ್ಲಿ ಕುಸಿದು ಕೂತಳು.

ಒಂದು ಕಾಲದಲ್ಲಿ ಈ ಊರಿನಲ್ಲಿ ಜಾಝ್ ಅಂದರೆ ಅವಳೇ. ಅಪ್ಪ ಹೋದ ಮೇಲೆ ಮನೆ ನಡೆಯಬೇಕಿತ್ತು, ಇನ್ನೂ ಹುಡುಗಿಯಾಗಿದ್ದಾಗಲೇ ಹೋಟೆಲ್ಲುಗಳಲ್ಲಿ ಹಾಡತೊಡಗಿದಳು. ಅವಳ ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದ ಮ್ಯಾನೇಜರ್ ದಿನಕ್ಕೆ ಎರಡೆರಡು ಶೋ ಒಪ್ಪಿಕೊಳ್ಳುತ್ತಿದ್ದ. ಗಂಟಲು ನೋವಿಗೆ ಒಂದು ಪೆಗ್, ನಿದ್ದೆಗೆ ಇನ್ನೊಂದು... ಅದು ಯಾವಾಗ ಕೈ ಮೀರಿತೋ ಅವಳಿಗೇ ಗೊತ್ತಾಗಲಿಲ್ಲ. ಕುಡಿದು ಬಿದ್ದಾಗ ಎತ್ತಿ ಮನೆ ಮುಟ್ಟಿಸುತ್ತಿದ್ದವನು ಈ ಪಿಯಾನೋದವನೇ. ಮದುವೆ ಆಗೋಣ್ವಾ ಅಂದವನೂ ಅವನೇ. ಅವಳು ಹೂಂ ಅಂದಿದ್ದಳು.

ಆಮೇಲೆ ಆ ದೊಡ್ಡ ಕಾರ್ಯಕ್ರಮ ಬಂತು. ಸಭಾಂಗಣ ತುಂಬಿತ್ತು, ರೆಕಾರ್ಡಿಂಗ್ ಬೇರೆ ನಡೆಯುತ್ತಿತ್ತು. ಕೊನೆಯ ಹಾಡಿಗೆ ಅವಳು ಮೈಕ್ ಹಿಡಿದಳು. ಪಿಯಾನೋ ಶುರುವಾಯಿತು... ಅಯ್ಯೋ, ಅವಳು ಯಾವಾಗಲೂ ಹಾಡುವ ಶ್ರುತಿಗಿಂತ ಎಷ್ಟೋ ಕೆಳಗೆ!

ವಾದ್ಯದವರೆಲ್ಲ ಮುಖ ಮುಖ ನೋಡಿಕೊಂಡರು. 'ಇವಳ ಗಂಟಲು ಹೋಯಿತು' ಎಂದು ಅವನು ಊರಿಗೆಲ್ಲ ಡಂಗುರ ಸಾರಿದ ಹಾಗಾಯಿತು ಅವಳಿಗೆ. ಸಂಕಟವನ್ನೆಲ್ಲ ಸುರಿದು ಹಾಡು ಮುಗಿಸಿ ವೇದಿಕೆ ಇಳಿದವಳು ಮತ್ತೆ ಅವನ ಮುಖ ನೋಡಲಿಲ್ಲ. ಗಂಟಲಿನ ಆಪರೇಷನ್ ಆದಾಗ ಅವನು ಆಸ್ಪತ್ರೆಗೆ ಬಂದ. ಒಳಗೆ ಬಿಡಬೇಡಿ ಅಂದಳು. ಕುಡಿತ ಬಿಟ್ಟಳು, ಹಾಡನ್ನೂ ಬಿಟ್ಟಳು. ಆ ರೆಕಾರ್ಡನ್ನಂತೂ ಒಮ್ಮೆಯೂ ಕೇಳಲಿಲ್ಲ.

"ಶುರು ಮಾಡ್ಲಾ ಚಿಕ್ಕಮ್ಮ?"

ಹುಡುಗಿ ಹಾಡತೊಡಗಿದಳು. ಅದೇ ಹಾಡು. ಅದೇ ಕೆಳಗಿನ ಶ್ರುತಿ!

"ನಿಲ್ಲಿಸು!" ಅವಳು ಒಡಕು ದನಿಯಲ್ಲಿ ಕೂಗಿದಳು. "ಈ ಶ್ರುತಿ ಬೇಡ. ನಿನಗೆ ಮೇಲೆ ಹೋಗತ್ತಲ್ಲ, ನನ್ನ ಶ್ರುತೀಲಿ ಹಾಡು."

"ಇದೇ ನಿಮ್ಮ ಶ್ರುತಿ ಅಲ್ವಾ?" ಹುಡುಗಿ ಗಾಬರಿಯಾದಳು. "ನಾವೆಲ್ಲ ಆ ರೆಕಾರ್ಡ್ ಕೇಳ್ಕೊಂಡೇ ಕಲ್ತಿದ್ದು ಚಿಕ್ಕಮ್ಮ. ಈಗ ಹಾಡೋರೆಲ್ಲ ಹೀಗೇ ಹಾಡೋದು. ಮೇಲೆ ಎತ್ತಿದ್ರೆ... ಹಾಡು ಸುಳ್ಳು ಅನ್ಸತ್ತೆ."

ಅವಳು ತಿರುಗಿ ಪಿಯಾನೋದವನನ್ನೇ ನೋಡಿದಳು.

"ನಾನು ಟೀ ತರ್ತೀನಿ," ಎಂದು ಹುಡುಗಿ ಜಾಗ ಖಾಲಿ ಮಾಡಿದಳು. ಟೀ ಯಾರೂ ಕೇಳಿರಲಿಲ್ಲ ಅನ್ನಿ!

ಕೋಣೆಯಲ್ಲಿ ಇಬ್ಬರೇ ಉಳಿದರು.

"ಯಾಕೆ ಇಳಿಸಿದೆ ಅವತ್ತು?"

"ಮೇಕಪ್ ರೂಮಲ್ಲಿ ಕೆಮ್ಮಿ ಕರ್ಚೀಫು ಬಚ್ಚಿಟ್ಟೆ ನೀನು. ಕನ್ನಡೀಲಿ ಕಂಡಿತು... ರಕ್ತ. ಆ ಕೊನೇ ಏರು ಸ್ವರಕ್ಕೆ ಹೋಗಿದ್ರೆ ಗಂಟಲೇ ಹರಿದುಹೋಗ್ತಿತ್ತು."

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ!"

"ಕೇಳಿದ್ರೆ ಬೇಡ ಅಂತಿದ್ದೆ. ನೀನು ಬೇಡ ಅಂದ್ಮೇಲೆ ಇಳಿಸೋ ಧೈರ್ಯ ನನಗೆಲ್ಲಿತ್ತು ಮಹಾರಾಯ್ತಿ?" ಅವನು ಕನ್ನಡಕ ತೆಗೆದ. "ಆದ್ರೂ ಕೇಳಬೇಕಿತ್ತು. ಅದು ತಪ್ಪೇ."

ಬೈಯಲು ಇಷ್ಟು ವರ್ಷ ಕೂಡಿಟ್ಟುಕೊಂಡಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ! 'ನಾನು ಅವಮಾನ ಅಂತ ಹೊತ್ತು ತಿರುಗಿದ್ದನ್ನ ಜನ ಎದೆಗೆ ಅಪ್ಪಿಕೊಂಡಿದ್ದಾರೆ... ನನಗೇ ಗೊತ್ತಿಲ್ಲ.' ಅವಳಿಗೆ ಅಳು ಬಂತು. ದಣಿದವರ ಅಳು, ಸದ್ದಿಲ್ಲದ್ದು.

"ಮದುವೆ ಆದೆಯಾ?"

"ಯಾರನ್ನ? ನೀನು ಹೂಂ ಅಂದಿದ್ದೆ. ಇಲ್ಲ ಅಂತ ಬಾಯಿಬಿಟ್ಟು ಹೇಳಲೇ ಇಲ್ಲ. ನಾನು ಇನ್ನೂ ಅಲ್ಲೇ ಇದ್ದೀನಿ..."

ಅವಳು ಎದ್ದು ಬಂದು ಪಿಯಾನೋಗೆ ಒರಗಿ ನಿಂತಳು. "ನನ್ನ ಗಂಟಲೀಗ ಹಳೇ ಬಾಗಿಲ ಹಾಗೆ ಕಿರುಗುಟ್ಟತ್ತೆ."

"ನನ್ನ ಬೆರಳ ಗಂಟುಗಳೆಲ್ಲ ಹಿಡ್ಕೊಂಡಿವೆ. ಜೋಡಿ ಚೆನ್ನಾಗಿರತ್ತೆ ಬಿಡು!"

ಅವಳು ನಕ್ಕಳು. ಅವನು ಮೆಲ್ಲಗೆ ನುಡಿಸತೊಡಗಿದ. ಅವಳು ಬಾಯಿ ತೆರೆದಳು. ಮೊದಲ ಸಾಲು ಹೇಗೋ ಬಂತು, ಎರಡನೆಯದರಲ್ಲಿ ದನಿ ಒಡೆದು ನಿಂತಿತು. ನಾಚಿಕೆಯಿಂದ ಮುಖ ತಿರುಗಿಸಿದಳು.

ಅವನು ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಅವಳನ್ನೇ ನೋಡಿದ.

"ಇನ್ನೂ ಸ್ವಲ್ಪ ಇಳಿಸಲಾ?"

ಅವಳು ಕಣ್ಣೊರೆಸಿಕೊಂಡು ಅವನ ಭುಜದ ಮೇಲೆ ಕೈಯಿಟ್ಟಳು.

"ಇಳಿಸು... ನಾನೂ ಜೊತೆಗೆ ಬರ್ತೀನಿ."