ಅಂಚು ಕಚ್ಚಿಹೋದ ರೂಪಾಯಿ

"ಇದು ಟಂಕಸಾಲೆ ತಪ್ಪಲ್ಲ ಕಣ್ರೀ. ಯಾರೋ ಅರ ಹಾಕಿ ಉಜ್ಜವ್ರೆ," ಎಂದ ಅಂಬರೀಶ. ಮಂಡ್ಯದ ನಾಣ್ಯ ಸಂಗ್ರಹಕಾರರ ಕೂಟದಲ್ಲಿ, ಎಲ್ಲರ ಎದುರಿಗೇ.

ಆ ರೂಪಾಯಿ ನನ್ನದು. ಅಂಚಿನಲ್ಲಿ ಬಿದಿಗೆ ಚಂದ್ರನಷ್ಟು ತುಂಡು ಇಲ್ಲ. ದುದ್ದದ ನಮ್ಮ ಮನೆಗೆ ಸುಣ್ಣ ಬಳಿಯುವಾಗ ದೇವರ ಪಟಗಳ ಹಿಂದೆ ಸಿಕ್ಕಿತ್ತು. ಟಂಕಸಾಲೆಯಲ್ಲೇ ತಪ್ಪಾದ ಇಂಥ ಅಪರೂಪದ ರೂಪಾಯಿ ಇಡೀ ಜಿಲ್ಲೆಯಲ್ಲಿ ಇನ್ನೊಬ್ಬರ ಹತ್ತಿರ ಇಲ್ಲ ಎಂದು ಮೆರೆಯುತ್ತಿದ್ದೆ.

ಅಂಬರೀಶನಿಗೆ ಮದ್ದೂರಿನಲ್ಲಿ ಲೇತ್ ಶಾಪು. ಕಬ್ಬಿಣ ಹಿಡಿದು ದಪ್ಪಗಾದ ಬೆರಳುಗಳು. ಆದರೆ ನಾಣ್ಯವನ್ನು ಮಾತ್ರ ಹೂವಿನ ಹಾಗೆ ಹಿಡಿಯುತ್ತಿದ್ದ. ಹಿಂದಿನ ಕೂಟದಲ್ಲಿ ನನಗೊಂದು ಭೂತಗನ್ನಡಿ ಕೊಟ್ಟು, ಮೆಲ್ಲಗೆ ಕೇಳಿದ್ದ: "ಶಶಿರೇಖಾ, ನಿಮ್ಮಪ್ಪನ್ನ ಕೇಳಕ್ಕೆ ಬರ್ಲಾ?"

ಹಿಟ್ಟಿನ ಗಿರಣಿ ನಡೆಸುತ್ತಾ ನಲವತ್ತರ ಹತ್ತಿರ ಬಂದ ನನ್ನ ಕೆನ್ನೆ ಬಿಸಿಯಾಗಿತ್ತು. "ಮೊದ್ಲು ನನ್ ರೂಪಾಯಿ ನೋಡಿ. ಆಮೇಲೆ ಯೋಳ್ತೀನಿ," ಎಂದಿದ್ದೆ.

ಈಗ ನೋಡಿ ಹೀಗೆ ಹೇಳುತ್ತಿದ್ದಾನೆ!

"ಅದು ಹುಟ್ಟುವಾಗ ನೀವೇನ್ ಪಕ್ಕದಲ್ಲಿದ್ರಾ?"

ಸುತ್ತ ಇದ್ದವರು ನಕ್ಕರು. ಅವನು ನಗಲಿಲ್ಲ. ಟಂಕಸಾಲೆಯಲ್ಲೇ ಅಂಚು ಹೋಗಿದ್ದ ತನ್ನದೊಂದು ಸಣ್ಣ ನಾಣ್ಯ ತೆಗೆದು ಪಕ್ಕದಲ್ಲಿಟ್ಟ.

"ತಗಡಿಂದ ಬಿಲ್ಲೆ ಕತ್ತರಿಸುವಾಗಲೇ ತುಂಡು ಹೋಗಿದ್ರೆ, ಅಚ್ಚು ಒತ್ತಿದಾಗ ಅದರ ಎದುರು ಅಂಚೂ ಸರಿಯಾಗಿ ಮೂಡಲ್ಲ. ನನ್ದರಲ್ಲಿ ನೋಡಿ, ಕಚ್ಚಿರೋದು ಈ ಕಡೆ, ಮಂಕಾಗಿರೋದು ಆ ಕಡೆ. ನಿಮ್ದರಲ್ಲಿ ಎದುರು ಅಂಚು ಗಟ್ಟಿಯಾಗೈತೆ. ಹುಟ್ಟುಮಚ್ಚೆ ಬೇರೆ, ಗಾಯ ಬೇರೆ."

"ನನ್ ಉತ್ರ ಕೇಳ್ಕಳಿ. ನಮ್ಮೂರ್ ಕಡೆ ತಲೆ ಹಾಕ್ಬೇಡಿ!" ಎಂದು ರೂಪಾಯಿ ಕಿತ್ತುಕೊಂಡು ಬಸ್ಸು ಹತ್ತಿದೆ.

ಮನೆಗೆ ಬಂದು, ಗಿರಣಿಯ ಬಾಗಿಲ ಬಿಸಿಲಲ್ಲಿ ಅವನದೇ ಭೂತಗನ್ನಡಿ ಹಿಡಿದೆ. ಕಚ್ಚಿದ ಜಾಗದಲ್ಲಿ ಅರದ ಗೀರುಗಳು, ಎಲ್ಲಾ ಒಂದೇ ದಿಕ್ಕಿಗೆ. ಎದುರು ಅಂಚು ಗಟ್ಟಿ.

ಮೈ ಉರಿಯಿತು. ಉರಿಯುತ್ತಲೇ ಎದೆ ಉಬ್ಬಿತು. ಒಂದು ಸುಳ್ಳು ಹೇಳಿದ್ದರೆ ನಾನು ಸಿಗುತ್ತಿದ್ದೆ. ಅದು ಅವನಿಗೂ ಗೊತ್ತಿತ್ತು. ಆದರೂ ಹೇಳಲಿಲ್ಲ. ಗಂಡಸು ಅಂದರೆ ಹೀಗಿರಬೇಕು!

"ಏನವ್ವ ಅದು? ತತ್ತಾ ಇಲ್ಲಿ," ಎಂದ ಅಪ್ಪ ಮರಿಸಿದ್ದಯ್ಯ. ಅವನ ಕಣ್ಣು ಮಂಜು. ಬೆರಳಲ್ಲೇ ಅಂಚು ಸವರಿ ಬೆಚ್ಚಿದ. "ಇದು ನಿನ್ ಕೈಗೆ ಯಂಗ್ ಬಂತು? ನಿನ್ ಮದ್ವೆ ಆಗ್ಲಿ ಅಂತ ವೈದ್ಯನಾಥಪುರದ ದೇವ್ರಿಗೆ ಕಟ್ಟಿದ್ ಮುಡುಪು ಕಣವ್ವ! ಬೇರೆ ಕಾಸ್ನಾಗೆ ಬೆರ್ತೋಗ್ಬಾರ್ದು ಅಂತ ನಾನೇ ಅರ ಹಾಕಿ ಗುರ್ತು ಮಾಡಿದ್ದೆ. ಸುತ್ತಿದ್ ಅರಿಶಿನದ ಬಟ್ಟೆ ಯೆಲ್ಲೋಯ್ತು?"

"ಇಲಿ ತಿಂದಿರ್ಬೇಕು. ನಾನಿದನ್ನ ಮಂಡ್ಯಕ್ಕೆಲ್ಲ ತೋರ್ಸ್ಕಂಡ್ ಬಂದೆನಲ್ಲಪ್ಪೋ!"

"ತೋರ್ಸಿದ್ರೆ ತೋರ್ಸ್ದೆ ಬುಡು. ಮದ್ವೆ ಯಾವಾಗ, ಅದ್ ಯೋಳು."

ಅಂಬರೀಶನ ವಿಷಯ ಅಪ್ಪನಿಗೆ ಹೇಳಿ, ಬೆಳಿಗ್ಗೆ ಮದ್ದೂರಿಗೆ ಹೋದೆ. ನನ್ನನ್ನು ಕಂಡು ಅಂಬರೀಶ ಲೇತ್ ನಿಲ್ಲಿಸಿದ. ಒಮ್ಮೆ ನೋಡಿದ, ಕಣ್ಣು ತಗ್ಗಿಸಿದ, ಕೈಯ ಎಣ್ಣೆ ಒರೆಸುತ್ತಾ ಕದ್ದು ಇನ್ನೊಮ್ಮೆ ನೋಡಿದ.

ತಪ್ಪಾಯ್ತು ಎನ್ನುವ ಮಾತು ನನ್ನ ಬಾಯಿಗೆ ಬರುವುದಿಲ್ಲ. "ಅರ ಹಾಕಿದ್ದು ನಮ್ಮಪ್ಪ. ನನ್ ಮದ್ವೆ ಮುಡುಪಂತೆ," ಎಂದೆ.

"ಅಯ್ಯಯ್ಯೋ, ಮುಡುಪಿಗೇ ಖೋಟಾ ಅಂದ್ನಾ?" ಎಂದು ತಲೆ ಕೆರೆದುಕೊಂಡ. ಮೂಲೆಯಲ್ಲಿ ಬಿದ್ದ ತುಂಡುಗಳನ್ನು ತೋರಿಸಿದ. "ನೀವು ಬೈದು ಹೋದಾಗಿಂದ ಒಂದ್ ಪೀಸೂ ಅಳತೆಗೆ ಬಂದಿಲ್ಲ, ಎಲ್ಲಾ ವೇಸ್ಟು. ಕಚ್ಚಿದ್ದು ದುದ್ದದೋರು, ಮಂಕಾಗಿದ್ದು ಮದ್ದೂರೋನು."

ನಾನು ಅವನ ಮುಖವನ್ನು ನಾಣ್ಯ ನೋಡುವ ಹಾಗೇ ನೋಡಿದೆ.

"ಹಂಗಾದ್ರೆ ಇದು ಅಸಲಿ," ಎಂದೆ. "ಶರ್ಟ್ ಬದಲಾಯಿಸ್ಕಂಡ್ ಬನ್ನಿ. ಅಪ್ಪ ಕಾಯ್ತಾವ್ರೆ. ತಾಳಿ ಕಟ್ಟಿದ್ ಮ್ಯಾಕೆ ಇಬ್ರೂ ಹೋಗಿ ಈ ರೂಪಾಯಿ ಹುಂಡಿಗೆ ಹಾಕಣ."

ಬಸ್ ಸ್ಟ್ಯಾಂಡಿನ ತನಕ ಅವನ ಪಕ್ಕದಲ್ಲೇ ತಲೆಯೆತ್ತಿ ನಡೆದೆ. ನೋಡುವವರು ನೋಡಲಿ.