ಕಣ್ಣಿಗೆ ಕಾಣದ ಹಳದಿ

ಅಣ್ಣ ತೀರಿಕೊಂಡ ದಿನ ಮುನಿಶಾಮಯ್ಯ ಅತ್ತಿಗೆಗೆ ಮಾತು ಕೊಟ್ಟಿದ್ದ: ಅವಳು ಬೆಳೆದ ರೇಷ್ಮೆಗೂಡನ್ನು ಪ್ರತಿ ಬೆಳೆಗೂ ತಾನೇ ಮಾರುಕಟ್ಟೆಗೆ ಮುಟ್ಟಿಸುತ್ತೇನೆ, ಒಂದು ಗೂಡೂ ಆಚೀಚೆ ಆಗಗೊಡುವುದಿಲ್ಲ. ಹನ್ನೊಂದು ವರ್ಷ ನಡೆದುಬಂದ ಮಾತು.

ಸೋಮವಾರ ಬೆಳಗ್ಗೆ ಬಿತ್ತನೆ ಗೂಡಿನ ಮಾರುಕಟ್ಟೆಯಲ್ಲಿ ಅತ್ತಿಗೆ ಚಿಕ್ಕಲಕ್ಷ್ಮಮ್ಮನ ಚೀಲ ಸುರಿದರೆ — ಬಿಳಿ ಗೂಡಿನ ನಡುವೆ ಹಳದಿ ಗೂಡು. ಒಂದಲ್ಲ, ಎರಡಲ್ಲ. ಬೊಗಸೆಗಟ್ಟಲೆ. ಮುಂದಿನ ಹುಳಕ್ಕೆ ಮೊಟ್ಟೆ ಕೊಡುವ ಬಿತ್ತನೆಯ ಗೂಡಿನಲ್ಲಿ ಬೇರೆ ತಳಿ ಬೆರೆತರೆ ಮುಗಿಯಿತು. ಹೊಂಗನೂರಿನ ಬೆಳೆಗಾರರು ಗುರುವಾರಕ್ಕೆ ಸಭೆ ಕರೆದರು. ಬಿತ್ತನೆ ಗೂಡು ಬೆಳೆಯಲು ಅವಳಿಗಿದ್ದ ಪರವಾನಗಿ ಉಳಿಯುತ್ತದೋ, ಹೋಗುತ್ತದೋ?

ಬುಧವಾರ ಚನ್ನಪಟ್ಟಣದಲ್ಲಿ ನಜೀರ್ ತನ್ನ ಫೋಟೋ ಸ್ಟುಡಿಯೋದ ಬೀಗ ತೆಗೆಯುವ ಮೊದಲೇ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಫೋಟೋದಲ್ಲಿ ಬೇರೆಯವರಿಗೆ ಕಾಣದ್ದು ಇವನಿಗೆ ಕಾಣುತ್ತದೆ ಎಂದು ಸುತ್ತಲ ಊರಿನವರ ಮಾತು. ಸೆರಗಿನಿಂದ ಒಂದು ಫೋಟೋ ತೆಗೆದುಕೊಟ್ಟಳು. ಭಾನುವಾರ ಸಂಜೆ ಅವಳ ಮನೆಯಲ್ಲಿ, ಬೆಳೆ ಚೆನ್ನಾಗಿ ಬಂದಿದೆ ಎಂದು, ಮೈದುನ ಮುನಿಶಾಮಯ್ಯ ಹಿಡಿದದ್ದು. ರೀಲು ತೊಳೆಸಿ ನಿನ್ನೆ ಸಭೆಯವರ ಕೈಗೆ ಕೊಟ್ಟಿದ್ದನಂತೆ; ಅವರಿಂದ ಇವಳು ಬೇಡಿ ತಂದಿದ್ದಳು. ಪಂಚೆಯ ಮೇಲೆ ಗೂಡಿನ ರಾಶಿ — ಎಡಕ್ಕೆ ಬಿಳಿ, ಬಲಕ್ಕೆ ಹಳದಿ.

"ಮನೇಲೇ ಬೆರೆಸಿದ್ದೆ ಅಂತಾವ್ರೆ ಸಾಬ್ರೆ. ನಾನು ಹಳದಿ ಗೂಡಿನ ಹುಳ ಸಾಕೇ ಇಲ್ಲ."

"ಇನ್ಯಾರ ಮನೇಲೈತೆ?"

"ಪಕ್ಕದ ಬೋರಮ್ಮಂದು. ಮೈದುನಂದೂ ಐತೆ."

ನಜೀರ್ ಫೋಟೋ ಕೆಳಗಿಟ್ಟ. ಮತ್ತೆ ಎತ್ತಿಕೊಂಡ. ತರಿಸಿದ್ದ ಟೀ ಕೆನೆಗಟ್ಟಿತು. ಆ ಹೊತ್ತಿಗೆ ಬಲ್ಬು ಉರಿಯುತ್ತಿತ್ತೇ ಎಂದು ಕೇಳಿದ. ಉರಿಯುತ್ತಿತ್ತು, ಬಲಗೋಡೆಯಲ್ಲಿ, ಎಡಕ್ಕೆ ಬಾಗಿಲು ತೆರೆದಿತ್ತು, ಹೊರಗೆ ಇನ್ನೂ ಬೆಳಕಿತ್ತು ಎಂದಳು.

ಗುರುವಾರ ಅವನು ಹೊಂಗನೂರಿಗೆ ಬಂದು ಮೊದಲು ಬೋರಮ್ಮನ ಬಾಗಿಲು ತಟ್ಟಿದ. ತನ್ನ ಗೂಡು ಇನ್ನೂ ಚಂದ್ರಿಕೆಯ ಬಿದಿರ ತಟ್ಟೆಯಿಂದ ಬಿಡಿಸಿಯೇ ಇಲ್ಲ, ಬೇಕಾದರೆ ಒಳಗೆ ಬಂದು ನೀನೇ ಬಿಡಿಸಿಕೊಡು ಎಂದಳು ಆಕೆ. ಸೋಮವಾರ ಚೀಲ ಒಯ್ದ ಟೆಂಪೋ ಓಡಿಸಿದ ಅಂಕಯ್ಯ ದಾರಿಯಲ್ಲಿ ಎಲ್ಲೂ ನಿಲ್ಲಿಸಿರಲಿಲ್ಲ. ಹಿಂದೆ ಚೀಲದ ಜತೆ? ಮುನಿಶಾಮಯ್ಯ, ಎಂದಿನಂತೆ.

ಸಭೆ ಚಿಕ್ಕಲಕ್ಷ್ಮಮ್ಮನ ನಡುಮನೆಯಲ್ಲೇ ಸೇರಲಿ ಎಂದು ನಜೀರ್ ಹಟ ಹಿಡಿದಿದ್ದ. ಅಧ್ಯಕ್ಷ ಹನುಮಂತಯ್ಯ ಗೊಣಗಿಕೊಂಡೇ ಬಂದರು. ಫೋಟೋ ಇದ್ದ ಮೇಲೆ ಇನ್ನೇನು ಪತ್ತೆ?

ನಜೀರ್ ಮುನಿಶಾಮಯ್ಯನ ಕೈಗೆ ಆ ಫೋಟೋ, ಪೆನ್ನು ಕೊಟ್ಟ. "ಅವತ್ತು ನೀವು ಕಂಡ ಹಳದಿ ಗೂಡಿಗೆ ಸುತ್ತು ಹಾಕಿ. ಕಣ್ಣಾರೆ ಕಂಡಿದ್ದಾ?"

"ಕಣ್ಣಾರೆ. ಅದಕ್ಕೇ ಫೋಟೋ ಹಿಡ್ದೆ. ಅತ್ತಿಗೆ ಮರ್ವಾದೆ ಅಂತ ಬಾಯಿ ಮುಚ್ಕಂಡಿದ್ದೆ."

ಬಲಗಡೆ ಏಳೆಂಟು ಸುತ್ತು ಬಿದ್ದವು.

"ಅಡೀಲಿರೋ ಪಂಚೆ ನೋಡಿ ಯಜಮಾನ್ರೆ," ಎಂದ ನಜೀರ್. "ಬಿಳಿ ಪಂಚೆ. ಬಲಕ್ಕೆ ಅದೂ ಹಳದಿ. ನಡುವೆ ಈ ಗೂಡು — ಒಂದು ಮಗ್ಗುಲು ಹಳದಿ, ಇನ್ನೊಂದು ಬಿಳಿ. ಇಂಥಾ ಗೂಡು ಕಟ್ಟೋ ಹುಳ ಯಾವೂರಲ್ಲೈತೆ?"

ಯಾರೋ ನಕ್ಕರು. ಹನುಮಂತಯ್ಯ ನಗಲಿಲ್ಲ, ಫೋಟೋವನ್ನು ಮೂಗಿನ ಹತ್ತಿರ ಹಿಡಿದರು.

ನಜೀರ್ ಬಿಡಿಸಿ ಹೇಳಿದ. ಬಲ್ಬಿನ ಬೆಳಕು ಹಳದಿ, ಬಾಗಿಲಿಂದ ಬರುವ ಆಕಾಶದ ಬೆಳಕು ನೀಲಿಯ ಕಡೆಯದು. ನಾವು ಹಾಕುವ ರೀಲು ಹಗಲಿನ ಬೆಳಕಿಗೆಂದು ಮಾಡಿದ್ದು. ಬಲ್ಬಿನ ಹಳದಿಯನ್ನು ಇದ್ದಂತೆಯೇ ಹಿಡಿಯುತ್ತದೆ. ಕಣ್ಣು ಹಾಗಲ್ಲ. ಬೆಳಕಿಗೆ ಹೊಂದಿಕೊಂಡು ಬಿಳಿಯನ್ನು ಬಿಳಿಯೆಂದೇ ತೋರಿಸುತ್ತದೆ.

ಬಾಗಿಲು ಮುಚ್ಚಿಸಿದ. ಬಲ್ಬು ಹಾಕಿಸಿದ. ಅದರ ಕೆಳಗೆ ಒಂದು ಬಿಳಿ ಗೂಡು ಹಿಡಿದ.

"ಯಾವ ಬಣ್ಣ, ಮುನಿಶಾಮಣ್ಣ?"

ಮುನಿಶಾಮಯ್ಯ ಮುಚ್ಚಿದ ಬಾಗಿಲ ಕಡೆ ನೋಡಿದ.

"ಹೇಳ್ಲಾ," ಎಂದರು ಹನುಮಂತಯ್ಯ.

"...ಬಿಳಿ."

"ಭಾನುವಾರಾನೂ ಬಿಳೀನೇ ಕಂಡಿತ್ತು. ನೀವು ಸುತ್ತು ಹಾಕಿದ ಹಳದಿ ಇರೋದು ಫೋಟೋದಲ್ಲಿ ಮಾತ್ರ. ಅದನ್ನ ನೋಡಿದ್ಮೇಲೆ 'ಕಣ್ಣಾರೆ ಕಂಡೆ' ಅಂತ ಕಟ್ಟಿದ್ರಿ. ಮನೇಲಿ ಬೆರೆತಿಲ್ಲ ಅಂದ್ಮೇಲೆ ದಾರೀಲಿ. ದಾರೀಲಿ ಚೀಲದ ಜತೆ ಇದ್ದೋರು ಒಬ್ರೇ."

ಹನುಮಂತಯ್ಯ ಪರವಾನಗಿಗೆ ಕಾದವರ ಪಟ್ಟಿ ತೆಗೆದು ನೋಡಿ ಮಡಿಸಿದರು. "ಇವಳದು ಹೋದ್ರೆ ಮುಂದಿನ ಹೆಸ್ರು ನಿಂದೇ ಅಲ್ವೇನ್ಲಾ?"

ಮುನಿಶಾಮಯ್ಯ ನೆಲ ನೋಡುತ್ತಿದ್ದ. "ನಮ್ಮನೆ ಗೂಡು ಒಂದು ಮಂಕ್ರಿ ಬೆರೆಸ್ದೆ ಕಣತ್ತಿಗೆ. ಒಂದೇ ಮಂಕ್ರಿ."

ಅವಳು ಎದ್ದು ಬಾಗಿಲು ತೆಗೆದಳು.

ಪರವಾನಗಿ ಅವಳ ಹೆಸರಲ್ಲೇ ಉಳಿಯಿತು. ಮುಂದಿನ ಬೆಳೆಗೆ ಚೀಲದ ಪಕ್ಕ ಅವಳೇ ಕೂತಳು. ಮುನಿಶಾಮಯ್ಯ ಕೊಟ್ಟ ಮಾತು ಮುರಿದಿತ್ತು.